ಹೈಬ್ರಿಡೋಮಾ ಕೋಶಗಳ ವಂಶವಾಹಿಯನ್ನು ಕಾಲ ಮೀರುವ ಮೊದಲೇ ದಾಖಲಿಸಬೇಕು

ಮಾನ್ಯ ಸಂಪಾದಕರಿಗೆ,

ಸ್ತನ ಕ್ಯಾನ್ಸರ್ ಚಿಕಿತ್ಸೆಯ ಪ್ರತಿಕಾಯ (ನಿರ್ದಿಷ್ಟ ಗುರಿಗೆ ಅಂಟಿಕೊಳ್ಳುವ ರೋಗನಿರೋಧಕ ಪ್ರೋಟೀನು) ಔಷಧಿಗಳು ಭಾರತದಲ್ಲೇ ತಯಾರಾಗತೊಡಗಿದ ಮೇಲೆ ಹೆಚ್ಚು ರೋಗಿಗಳ ಕೈಗೆಟುಕುತ್ತಿರುವ ಬಗ್ಗೆ ನಿಮ್ಮ ಪತ್ರಿಕೆಯಲ್ಲಿ ಈಚೆಗೆ ಪ್ರಕಟವಾದ ಲೇಖನವನ್ನು ಆಸಕ್ತಿಯಿಂದ ಓದಿದೆ. ಕಾರ್ಖಾನೆ, ಪೇಟೆಂಟ್, ಬೆಲೆ ಇವುಗಳ ಬಗ್ಗೆ ಲೇಖನ ವಿವರವಾಗಿ ಹೇಳಿದೆ. ಆದರೆ ಔಷಧಿ ಕಾರ್ಖಾನೆಯವರೆಗೆ ಬರಲು ಯಾವ ಕೆಲಸ ಕಾರಣವಾಯಿತು ಎಂಬುದು ಅದರಲ್ಲಿ ಬಂದಿಲ್ಲ. ಇಲಿಯ ಕೋಶವೊಂದು ತಯಾರಿಸುತ್ತಿದ್ದ ಪ್ರತಿಕಾಯದ ವಂಶವಾಹಿಯನ್ನು ಆ ಕೋಶದಿಂದ ಹೊರತೆಗೆದು, ಅದರ ಡಿಎನ್‌ಎಯನ್ನು ಅಕ್ಷರ ಬಿಡದೆ ಓದಿ, ಬೇರೊಂದು ಕೋಶದಲ್ಲಿ ಕೆಲಸ ಮಾಡುವಂತೆ ಪ್ರತಿ ಮಾಡಿಟ್ಟುಕೊಂಡದ್ದೇ ಆ ಕೆಲಸ. ಸಾರ್ವಜನಿಕ ಹಣದಿಂದ ನಡೆಯುವ ಸಂಶೋಧನೆಯಲ್ಲಿ ಇದನ್ನು ಸಂಶೋಧಕರ ಇಷ್ಟಕ್ಕೆ ಬಿಡದೆ ಕಡ್ಡಾಯ ಮಾಡಬೇಕು ಎಂದು ಕೇಳಿಕೊಳ್ಳಲು ಈ ಪತ್ರ ಬರೆಯುತ್ತಿದ್ದೇನೆ.

ಹಿನ್ನೆಲೆಯನ್ನು ಚಿಕ್ಕದಾಗಿ ಹೇಳುತ್ತೇನೆ. 1975ರಲ್ಲಿ ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ಜಾರ್ಜಸ್ ಕೋಹ್ಲರ್ ಮತ್ತು ಸೀಸರ್ ಮಿಲ್‌ಸ್ಟೀನ್ ಅವರು ಇಲಿಯ ಗುಲ್ಮದಲ್ಲಿರುವ, ಪ್ರತಿಕಾಯ ತಯಾರಿಸುವ ಬಿ ಕೋಶಗಳನ್ನು ಮಯಲೋಮಾ ಎಂಬ ಕ್ಯಾನ್ಸರ್ ಕೋಶಗಳೊಂದಿಗೆ ಬೆಸೆದರು. ಬಿ ಕೋಶ ಪ್ರಯೋಗಾಲಯದ ತಟ್ಟೆಯಲ್ಲಿ ಕೆಲವೇ ದಿನ ಬದುಕುತ್ತದೆ. ಮಯಲೋಮಾ ಕೋಶ ಎಡೆಬಿಡದೆ ವಿಭಜನೆಯಾಗುತ್ತದೆ. ಬೆಸುಗೆಯಿಂದ ಹುಟ್ಟಿದ ಹೈಬ್ರಿಡೋಮಾಕ್ಕೆ ಒಂದರಿಂದ ಪ್ರತಿಕಾಯದ ಗುಣವೂ ಇನ್ನೊಂದರಿಂದ ದೀರ್ಘಾಯುಷ್ಯವೂ ಬಂದವು. ಒಂದೇ ಕೋಶದ ಸಂತತಿಯಿಂದ, ಒಂದೇ ಗುರಿಗೆ ಅಂಟುವ, ಒಂದೇ ಬಗೆಯ ಪ್ರತಿಕಾಯ ಬೇಕಾದಷ್ಟು ಸಿಗುವಂತಾಯಿತು. ಇಬ್ಬರಿಗೂ ನೀಲ್ಸ್ ಯರ್ನೆ ಅವರೊಂದಿಗೆ 1984ರಲ್ಲಿ ನೊಬೆಲ್ ಪ್ರಶಸ್ತಿ ದೊರೆಯಿತು. ಈ ವಿಧಾನಕ್ಕೆ ಅವರ ಹೆಸರಿನಲ್ಲಿ ಪೇಟೆಂಟ್ ಆಗಲಿಲ್ಲ, ಮಿಲ್‌ಸ್ಟೀನ್ ತಮ್ಮ ಕೋಶಗಳನ್ನು ಬೇರೆ ಪ್ರಯೋಗಾಲಯಗಳೊಂದಿಗೆ ಉದಾರವಾಗಿ ಹಂಚಿಕೊಂಡರು. ಇಂದು ಜಗತ್ತಿನ ಎಲ್ಲೆಡೆ ಹೈಬ್ರಿಡೋಮಾಗಳು ಇರುವುದಕ್ಕೆ ಆ ಔದಾರ್ಯವೂ ಒಂದು ಕಾರಣ ಎಂದು ನಾನು ನಂಬಿದ್ದೇನೆ.

ಹೈಬ್ರಿಡೋಮಾ ಇದ್ದ ಮೇಲೆ ವಂಶವಾಹಿಯನ್ನು ಪ್ರತ್ಯೇಕವಾಗಿ ತೆಗೆದಿಡುವುದೇಕೆ ಎಂದು ಓದುಗರು ಕೇಳಬಹುದು. ಪ್ರತಿಕಾಯದ ವಂಶವಾಹಿಯ ಸ್ವಭಾವವೇ ಇದಕ್ಕೆ ಉತ್ತರ. ಇನ್ಸುಲಿನ್ನಿನ ವಂಶವಾಹಿ ನಮ್ಮ ದೇಹದ ಬಹುಪಾಲು ಕೋಶಗಳಲ್ಲಿ ಒಂದೇ ರೀತಿ ಇರುತ್ತದೆ. ಯಾವ ಕೋಶದಿಂದ ತೆಗೆದರೂ ನಡೆಯುತ್ತದೆ. ಪ್ರತಿಕಾಯದ್ದು ಹಾಗಲ್ಲ. ಬಿ ಕೋಶ ಬೆಳೆಯುವಾಗ ಡಿಎನ್‌ಎಯ ದೂರದೂರದ ತುಣುಕುಗಳು ಕತ್ತರಿಸಿ ಜೋಡಣೆಯಾಗಿ ಆ ವಂಶವಾಹಿ ಹೊಸದಾಗಿ ರೂಪುಗೊಳ್ಳುತ್ತದೆ ಎಂಬುದನ್ನು ಸುಸುಮು ಟೊನೆಗಾವಾ 1976ರಲ್ಲಿ ತೋರಿಸಿಕೊಟ್ಟರು. ಆಮೇಲೆ ಅದರ ಮೇಲೆ ಅಲ್ಲಲ್ಲಿ ಸಣ್ಣ ಸಣ್ಣ ಬದಲಾವಣೆಗಳೂ ಸೇರುತ್ತವೆ. ಹೀಗಾಗಿ ಒಂದು ನಿರ್ದಿಷ್ಟ ಪ್ರತಿಕಾಯದ ವಂಶವಾಹಿ ಆ ಬಿ ಕೋಶ ಮತ್ತು ಅದರ ಸಂತತಿಯಲ್ಲಿ ಮಾತ್ರ ಇರುತ್ತದೆ. ಅದೇ ಇಲಿಯ ಯಕೃತ್ತಿನಲ್ಲಾಗಲಿ ಚರ್ಮದಲ್ಲಾಗಲಿ ಹುಡುಕಿದರೆ ಸಿಗುವುದಿಲ್ಲ. ಮತ್ತೊಂದು ಇಲಿಗೆ ಅದೇ ಚುಚ್ಚುಮದ್ದು ಕೊಟ್ಟರೆ ಬೇರೆ ಪ್ರತಿಕಾಯ ಬರುತ್ತದೆಯೇ ಹೊರತು ಅದೇ ಬರುವುದಿಲ್ಲ. ಆ ಕೋಶಸಂತತಿ ನಶಿಸಿತೆಂದರೆ ಆ ಪ್ರತಿಕಾಯದ ಮೂಲವೇ ಅಳಿದಂತೆ.

ಆ ಸಂತತಿ ನಶಿಸುವುದಂತೂ ಅಪರೂಪವಲ್ಲ. ಬೆಸುಗೆಯಿಂದ ಹುಟ್ಟಿದ ಕೋಶದಲ್ಲಿ ಕ್ರೋಮೋಸೋಮುಗಳು ಮಾಮೂಲಿಗಿಂತ ಹೆಚ್ಚಾಗಿರುವುದರಿಂದ, ಬೆಳೆಯುತ್ತ ಹೋದಂತೆ ಕೆಲವು ಕಳಚಿಹೋಗುತ್ತವೆ. ಪ್ರತಿಕಾಯದ ವಂಶವಾಹಿ ಇರುವ ಕ್ರೋಮೋಸೋಮು ಹೋದರೆ ಕೋಶ ಸಾಯುವುದಿಲ್ಲ. ಪ್ರತಿಕಾಯ ತಯಾರಿಸುವ ಹೊರೆ ಇಳಿದದ್ದರಿಂದ ಇನ್ನೂ ವೇಗವಾಗಿ ಬೆಳೆದು ಉಳಿದವನ್ನು ಹಿಂದೆ ಹಾಕುತ್ತದೆ. ಫ್ಲಾಸ್ಕಿನ ತುಂಬ ಆರೋಗ್ಯವಾದ ಕೋಶಗಳಿದ್ದೂ ದ್ರಾವಣದಲ್ಲಿ ಪ್ರತಿಕಾಯವೇ ಇಲ್ಲದ ಸ್ಥಿತಿ ಹೀಗೆ ಬರುತ್ತದೆ. ಇದನ್ನು ತಪ್ಪಿಸಲು ಕೋಶಗಳನ್ನು ಮೈನಸ್ 196 ಡಿಗ್ರಿಯ ದ್ರವ ಸಾರಜನಕ ತುಂಬಿದ ಕ್ಯಾನಿನಲ್ಲಿ ಇಡುತ್ತಾರೆ. ಆ ಕ್ಯಾನಿಗೆ ತಪ್ಪದೆ ಸಾರಜನಕ ತುಂಬಿಸುತ್ತಲೇ ಇರಬೇಕು. ನಾನು ಹಿಂದೆ ಕೆಲಸ ಮಾಡಿದ ಒಂದು ಪ್ರಯೋಗಾಲಯದಲ್ಲಿ ದೀರ್ಘ ರಜೆಯ ಹೊತ್ತಿನಲ್ಲಿ ಸರಬರಾಜಿನ ಬಿಲ್ಲು ಪಾವತಿಯಾಗದೆ ಕ್ಯಾನು ಬತ್ತಿಹೋಗಿತ್ತು. ಬಳಿಕ ಕೋಶಗಳಿದ್ದ ಪುಟ್ಟ ಸೀಸೆ, ಅಂದರೆ ವಯಲ್, ಒಂದೊಂದನ್ನೇ ತೆಗೆದು, 37 ಡಿಗ್ರಿಯ ನೀರಿನಲ್ಲಿ ಕರಗಿಸಿ, ಟ್ರಿಪಾನ್ ಬ್ಲೂ ಎಂಬ ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದೆವು. ಬದುಕಿರುವ ಕೋಶ ಈ ಬಣ್ಣವನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ, ಸತ್ತ ಕೋಶ ನೀಲಿಯಾಗುತ್ತದೆ. ವಯಲ್ ಮೇಲೆ ವಯಲ್ ನೋಡಿದರೂ ಕಂಡದ್ದು ನೀಲಿಯೇ. ವಿದ್ಯಾರ್ಥಿಗಳು ವರ್ಷಗಟ್ಟಲೆ ದುಡಿದು ಆರಿಸಿದ ಕೋಶಗಳವು. ಅವುಗಳ ಪ್ರತಿಕಾಯದ ವಂಶವಾಹಿಯನ್ನು ಯಾರೂ ಓದಿಟ್ಟಿರಲಿಲ್ಲ.

ಪ್ರತಿಕಾಯದ ಒಂದಿಷ್ಟು ಪ್ರೋಟೀನು ಬಾಟಲಿಯಲ್ಲಿ ಉಳಿದಿದ್ದರೆ ಅಣುಗಳ ತೂಕ ಅಳೆಯುವ ಮಾಸ್ ಸ್ಪೆಕ್ಟ್ರೋಮೀಟರಿನಿಂದ ಅದರ ಅಮೈನೋ ಆಮ್ಲಗಳ ಸಾಲನ್ನು ಮರಳಿ ಕಟ್ಟಲು ಪ್ರಯತ್ನಿಸಬಹುದು. ಅದು ದುಬಾರಿ ಕೆಲಸ. ಲ್ಯೂಸಿನ್ ಮತ್ತು ಐಸೊಲ್ಯೂಸಿನ್ ಎಂಬ ಎರಡು ಅಮೈನೋ ಆಮ್ಲಗಳ ತೂಕ ಒಂದೇ ಆದ್ದರಿಂದ ಎಲ್ಲಿ ಯಾವುದಿದೆ ಎಂದು ತೂಕವೊಂದರಿಂದಲೇ ಹೇಳಲಾಗದು. ಕೋಶ ಕೈಯಲ್ಲಿರುವಾಗ ವಂಶವಾಹಿಯನ್ನು ಓದುವುದು ಇದಕ್ಕಿಂತ ಎಷ್ಟೋ ಸುಲಭ.

ಆ ಕೆಲಸ ಹೇಗೆ ನಡೆಯುತ್ತದೆಂದು ತಿಳಿಸಿದರೆ ಅದು ಎಷ್ಟು ಮಟ್ಟಿಗೆ ನಮ್ಮ ಕೈಯಳತೆಯಲ್ಲಿದೆ ಎಂಬುದು ಓದುಗರಿಗೆ ಮನವರಿಕೆಯಾದೀತು. ಪ್ರತಿಕಾಯದಲ್ಲಿ ಎರಡು ಭಾರ ಸರಪಳಿ, ಎರಡು ಹಗುರ ಸರಪಳಿ ಇರುತ್ತವೆ. ಗುರಿಯನ್ನು ಹಿಡಿಯುವುದು ಪ್ರತಿ ಸರಪಳಿಯ ತುದಿಯ ಸುಮಾರು 110ರಿಂದ 120 ಅಮೈನೋ ಆಮ್ಲಗಳಷ್ಟು ಉದ್ದದ ಭಾಗ ಮಾತ್ರ. ಈ ಭಾಗ ಪ್ರತಿಕಾಯದಿಂದ ಪ್ರತಿಕಾಯಕ್ಕೆ ಬೇರೆ. ಉಳಿದದ್ದು ಒಂದು ವರ್ಗದ ಪ್ರತಿಕಾಯಗಳಿಗೆಲ್ಲ ಸಮಾನ. ಕೋಶದಿಂದ ವಂಶವಾಹಿಯ ನಕಲಾದ ಆರ್‌ಎನ್‌ಎ ತೆಗೆದು, ಅದನ್ನು ಡಿಎನ್‌ಎಗೆ ತಿರುಗಿಸಿ, ಡಿಎನ್‌ಎ ತುಂಡನ್ನು ಲಕ್ಷಗಟ್ಟಲೆ ಪ್ರತಿ ಮಾಡುವ ಪಿಸಿಆರ್ ಮೂಲಕ ಆ ತುದಿಯ ಭಾಗವನ್ನಷ್ಟೇ ಹಿಗ್ಗಿಸಿ, ಪ್ಲಾಸ್ಮಿಡ್ ಎಂಬ ಉಂಗುರಾಕಾರದ ಡಿಎನ್‌ಎಗೆ ಸೇರಿಸಿ ಬ್ಯಾಕ್ಟೀರಿಯಾದಲ್ಲಿ ಬೆಳೆಸಿದರೆ ಓದಲು ಸಿದ್ಧವಾಗುತ್ತದೆ. ಡಿಎನ್‌ಎ ತುಂಡುಗಳನ್ನು ಉದ್ದಕ್ಕೆ ತಕ್ಕಂತೆ ಬೇರ್ಪಡಿಸುವ ಜೆಲ್ ಮೇಲೆ ಸರಿಸುಮಾರು 400 ಅಕ್ಷರಗಳಷ್ಟು ಉದ್ದದ ಪಟ್ಟಿ ಕಂಡರೆ ಅರ್ಧ ಕೆಲಸ ಮುಗಿದಂತೆ. ಇದಕ್ಕೆ ಬೇಕಾದ ಪಿಸಿಆರ್ ಯಂತ್ರ ಇಂದು ನಮ್ಮ ಅನೇಕ ವಿಶ್ವವಿದ್ಯಾಲಯಗಳ ಜೀವವಿಜ್ಞಾನ ವಿಭಾಗಗಳಲ್ಲಿದೆ. ಡಿಎನ್‌ಎ ಓದಿಕೊಡುವ ಸೇವೆ ಬೆಂಗಳೂರಿನಲ್ಲೇ ದೊರೆಯುತ್ತದೆ.

ಆದರೂ ಇಲ್ಲಿ ಎಚ್ಚರ ತಪ್ಪಲು ಅವಕಾಶಗಳಿವೆ, ಅವನ್ನು ಮುಚ್ಚಿಟ್ಟು ಈ ಕೆಲಸವನ್ನು ತೀರಾ ಸರಳವೆಂದು ಹೇಳಲಾರೆ. ಮೊದಲ ತೊಡಕು ಪ್ರೈಮರಿನದು. ಪಿಸಿಆರ್ ನಡೆಯಲು ತುಂಡಿನ ಎರಡೂ ತುದಿಗಳಲ್ಲಿ ಪ್ರೈಮರ್ ಎಂಬ ಚಿಕ್ಕ ಡಿಎನ್‌ಎ ತುಣುಕು ಅಂಟಬೇಕು. ಸಮಾನ ಭಾಗದ ಕಡೆಯಲ್ಲಿ ಕಷ್ಟವಿಲ್ಲ. ಬದಲಾಗುವ ಭಾಗದ ಆರಂಭ ಹೇಗಿದೆಯೆಂದು ಮಾತ್ರ ಮೊದಲೇ ಗೊತ್ತಿರುವುದಿಲ್ಲ. ಅದಕ್ಕಾಗಿ ಹಲವು ಸಾಧ್ಯತೆಗಳನ್ನು ಬೆರೆಸಿದ ಪ್ರೈಮರುಗಳನ್ನು ಬಳಸುವ ರೂಢಿ ಬಂತು. ಅವು ಪೂರ್ತಿ ಹೊಂದಿಕೆಯಾಗದಿದ್ದರೂ ಅಂಟಿಕೊಂಡು, ಪ್ರತಿಕಾಯದ ಮೊದಲ ಕೆಲವು ಅಮೈನೋ ಆಮ್ಲಗಳ ಜಾಗದಲ್ಲಿ ತಮ್ಮದೇ ಅಕ್ಷರಗಳನ್ನು ಬರೆದುಬಿಡುತ್ತವೆ. ಕೆಲವೊಮ್ಮೆ ಇದರಿಂದ ಏನೂ ಆಗದು, ಕೆಲವೊಮ್ಮೆ ಅಂಟುವ ಶಕ್ತಿಯೇ ಕುಗ್ಗುತ್ತದೆ. ರೇಸ್ ಎಂದು ಕರೆಯುವ ವಿಧಾನದಲ್ಲಿ ಆರ್‌ಎನ್‌ಎಯ ತಲೆಯ ಕಡೆಗೆ ನಮಗೆ ಗೊತ್ತಿರುವ ತುಣುಕೊಂದನ್ನು ಜೋಡಿಸಿ ಅಲ್ಲಿಂದ ಓದುವುದರಿಂದ ಈ ದೋಷ ಬರುವುದಿಲ್ಲ. ಸಾಧ್ಯವಿದ್ದಲ್ಲೆಲ್ಲ ಇದನ್ನೇ ಬಳಸಬೇಕೆಂಬುದು ನನ್ನ ಅಭಿಪ್ರಾಯ.

ಎರಡನೆಯ ತೊಡಕು ಹೊಸಬರನ್ನು ತುಂಬಾ ಕಾಡುತ್ತದೆ. ಹೈಬ್ರಿಡೋಮಾ ತಯಾರಿಕೆಯಲ್ಲಿ ಬಳಸುವ ಎಸ್‌ಪಿ2/0 ಮುಂತಾದ ಮಯಲೋಮಾ ಕೋಶಗಳ ಮೂಲ, ಎಂಒಪಿಸಿ-21 ಎಂಬ ಹಳೆಯ ಇಲಿ ಗೆಡ್ಡೆ. ಅದರಿಂದ ಬಂದ ಕೆಟ್ಟ ಹಗುರ ಸರಪಳಿಯ ವಂಶವಾಹಿಯೊಂದು ಈ ಕೋಶಗಳಲ್ಲಿ ಇಂದಿಗೂ ಉಳಿದುಕೊಂಡಿದೆ. ಅದರಿಂದ ಉಪಯುಕ್ತ ಪ್ರೋಟೀನು ಆಗುವುದಿಲ್ಲ, ಆದರೆ ಅದರ ಆರ್‌ಎನ್‌ಎ ಧಾರಾಳವಾಗಿ ತಯಾರಾಗುತ್ತದೆ. 1988ರಲ್ಲೇ ಇದು ವರದಿಯಾಗಿದೆ. ಪಿಸಿಆರ್ ಮಾಡಿದಾಗ ನಿಜವಾದ ಹಗುರ ಸರಪಳಿಯನ್ನು ಬದಿಗೊತ್ತಿ ಇದೇ ಹಿಗ್ಗಬಹುದು. ಜೆಲ್ ಮೇಲೆ ಎರಡರ ಉದ್ದವೂ ಹೆಚ್ಚುಕಡಿಮೆ ಒಂದೇ. ಪಟ್ಟಿ ಚೆನ್ನಾಗಿ ಬಂದಿದೆಯೆಂದು ಸಂತೋಷಪಟ್ಟು ಮುಂದಕ್ಕೆ ಹೋದರೆ ಮೋಸಹೋಗುತ್ತೇವೆ. ಅಕ್ಷರ ಓದಿದಾಗ ಗುಟ್ಟು ತಿಳಿಯುತ್ತದೆ: ಸಿಸ್ಟೀನ್ ಎಂಬ ಅಮೈನೋ ಆಮ್ಲ ಇರಬೇಕಾದ 23ನೇ ಸ್ಥಾನದಲ್ಲಿ ಟೈರೋಸಿನ್ ಎಂಬ ಇನ್ನೊಂದು ಇರುತ್ತದೆ, ಮುಂದೆ ತುಣುಕುಗಳು ಕೂಡುವ ಜಾಗದಲ್ಲಿ ಓದಿನ ಚೌಕಟ್ಟು ತಪ್ಪಿ ಬೇಗನೆ ವಿರಾಮ ಸಂಕೇತ ಬರುತ್ತದೆ. ಬೇರೆ ಬೇರೆ ಗುರಿಗಳ ವಿರುದ್ಧ ತಯಾರಿಸಿದ ಹೈಬ್ರಿಡೋಮಾಗಳಿಂದ ಒಂದೇ ಹಗುರ ಸರಪಳಿ ಸಿಕ್ಕಿತೆಂದು ವಿದ್ಯಾರ್ಥಿ ಬಂದು ಹೇಳಿದರೆ ಮಾರ್ಗದರ್ಶಕರು ಮೊದಲು ಇದನ್ನೇ ಸಂದೇಹಿಸಬೇಕು. ಒಂದೆರಡು ಬ್ಯಾಕ್ಟೀರಿಯಾ ಗುಂಪುಗಳ ಪ್ಲಾಸ್ಮಿಡ್ ಓದಿ ನಿಲ್ಲಿಸದೆ ಹೆಚ್ಚು ಗುಂಪುಗಳನ್ನು ಓದುವುದು, ಇಲ್ಲವೇ ಆ ಕೆಟ್ಟ ವಂಶವಾಹಿಗಷ್ಟೇ ಅಂಟಿ ಅದು ಹಿಗ್ಗದಂತೆ ತಡೆಯುವ ತುಣುಕನ್ನು ಪಿಸಿಆರ್‌ಗೆ ಸೇರಿಸುವುದು ಇದಕ್ಕೆ ಪರಿಹಾರ.

ಮೂರನೆಯದು ಇನ್ನೂ ಗಂಭೀರ. ಒಂದು ಹೈಬ್ರಿಡೋಮಾ ಒಂದೇ ಪ್ರತಿಕಾಯ ಕೊಡುತ್ತದೆ ಎಂಬ ನಂಬಿಕೆಯ ಮೇಲೆ ಈ ಇಡೀ ತಂತ್ರ ನಿಂತಿದೆ. 2018ರಲ್ಲಿ ಪ್ರಕಟವಾದ, ಹಲವು ಕೇಂದ್ರಗಳು ಸೇರಿ ನಡೆಸಿದ ಅಧ್ಯಯನದಲ್ಲಿ 185 ಹೈಬ್ರಿಡೋಮಾಗಳ ವಂಶವಾಹಿಗಳನ್ನು ಓದಿದಾಗ ಅವುಗಳಲ್ಲಿ 59ರಲ್ಲಿ, ಅಂದರೆ ಶೇ 31.9ರಷ್ಟರಲ್ಲಿ, ಕೆಲಸ ಮಾಡಬಲ್ಲ ಹೆಚ್ಚುವರಿ ಭಾರ ಅಥವಾ ಹಗುರ ಸರಪಳಿ ಕಂಡುಬಂತು. ಇಂಥ ಕೋಶದಿಂದ ಬರುವುದು ಹಲವು ಬಗೆಯ ಪ್ರತಿಕಾಯಗಳ ಮಿಶ್ರಣ. ರೋಗಪತ್ತೆ ಕಿಟ್ ಒಂದರಲ್ಲಿ ಅದನ್ನು ಬಳಸಿದರೆ ಅದು ಯಾವುದಕ್ಕೆ ಅಂಟಿದೆ ಎಂಬ ಖಾತರಿ ಎಲ್ಲಿಂದ ಬರಬೇಕು? ವಂಶವಾಹಿಯನ್ನು ಓದಿದಾಗಲೇ ಈ ಬೆರಕೆ ಬೆಳಕಿಗೆ ಬರುತ್ತದೆ. ಸರಿಯಾದ ಜೋಡಿಯನ್ನು ಆರಿಸಿ ಪ್ಲಾಸ್ಮಿಡ್‌ನಲ್ಲಿಟ್ಟು, ಎಚ್‌ಇಕೆ 293 (ಮನುಷ್ಯ ಮೂಲದ) ಅಥವಾ ಸಿಎಚ್‌ಒ (ಹ್ಯಾಮ್‌ಸ್ಟರ್ ಮೂಲದ) ಕೋಶಗಳಲ್ಲಿ ತಯಾರಿಸಿದರೆ ಬೆರಕೆಯಿಲ್ಲದ ಪ್ರತಿಕಾಯ ದೊರೆಯುತ್ತದೆ. ಹಾಗೆ ತಯಾರಾದದ್ದು ಮೂಲ ಪ್ರತಿಕಾಯದಂತೆಯೇ ಗುರಿಗೆ ಅಂಟುತ್ತದೆಯೇ ಎಂದು ಪರೀಕ್ಷಿಸಿ ನೋಡುವವರೆಗೂ ಕೆಲಸ ಮುಗಿಯಿತೆನ್ನಬಾರದು. ಬರೀ ಅಕ್ಷರ ಓದಿ ಕಡತ ಮುಚ್ಚುವುದರಲ್ಲಿ ನನಗೆ ನಂಬಿಕೆಯಿಲ್ಲ.

ಇದರಿಂದಾಗುವ ಲಾಭವನ್ನು ತೋರಿಸುವ ಉದಾಹರಣೆಗಳಿವೆ. ನಿಮ್ಮ ಲೇಖನದಲ್ಲಿ ಬಂದ ಟ್ರಾಸ್ಟುಜುಮ್ಯಾಬ್ ಎಂಬ ಸ್ತನ ಕ್ಯಾನ್ಸರ್ ಔಷಧಿ ಮೊದಲಿಗೆ 4ಡಿ5 ಎಂಬ ಇಲಿ ಪ್ರತಿಕಾಯವಾಗಿತ್ತು. ಇಲಿಯ ಪ್ರತಿಕಾಯವನ್ನು ಹಾಗೆಯೇ ಮನುಷ್ಯರಿಗೆ ಕೊಟ್ಟರೆ ನಮ್ಮ ದೇಹ ಅದನ್ನು ಪರಕೀಯವೆಂದು ಗುರುತಿಸಿ ಪ್ರತಿರೋಧಿಸುತ್ತದೆ. 1986ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಮೊದಲ ಮಾನೋಕ್ಲೋನಲ್ (ಒಂದೇ ಕೋಶಸಂತತಿಯ ಪ್ರತಿಕಾಯದ) ಔಷಧಿಯಾದ ಒಕೆಟಿ3ರಲ್ಲಿ ಈ ತೊಂದರೆ ಕಂಡುಬಂದಿತ್ತು. ಅದೇ ವರ್ಷ ಕೇಂಬ್ರಿಜ್‌ನ ಗ್ರೆಗ್ ವಿಂಟರ್ ಅವರ ತಂಡ, ಇಲಿ ಪ್ರತಿಕಾಯದ ಗುರಿ ಹಿಡಿಯುವ ಕುಣಿಕೆಗಳನ್ನಷ್ಟೇ ಮನುಷ್ಯರ ಪ್ರತಿಕಾಯಕ್ಕೆ ಕಸಿ ಮಾಡುವ ದಾರಿ ತೋರಿಸಿತು. 4ಡಿ5ಕ್ಕೂ ಅದೇ ಕಸಿ ಆಯಿತು. 1998ರಲ್ಲಿ ಅದು ಔಷಧಿಯಾಗಿ ಬಂತು. ಅದರ ಅಮೈನೋ ಆಮ್ಲಗಳ ಸಾಲು ಗೊತ್ತಿದ್ದುದರಿಂದಲೇ ಬೆಂಗಳೂರಿನ ಬಯೋಕಾನ್ ಸಂಸ್ಥೆ ಮೈಲಾನ್ ಎಂಬ ಔಷಧಿ ಕಂಪನಿಯ ಜೊತೆಗೂಡಿ ಅದಕ್ಕೆ ಸಮಾನವಾದ ಔಷಧಿಯನ್ನು ತಯಾರಿಸಿ 2014ರಲ್ಲಿ ಭಾರತದಲ್ಲಿ ಬಿಡುಗಡೆ ಮಾಡಲು ಸಾಧ್ಯವಾಯಿತು. 2017ರ ಡಿಸೆಂಬರಿನಲ್ಲಿ ಅಮೆರಿಕದ ಅನುಮತಿಯೂ ಸಿಕ್ಕಿತು. ಅದಕ್ಕೂ ಮೊದಲು, 2006ರಲ್ಲಿ, ಅದೇ ಸಂಸ್ಥೆ ಬಿಡುಗಡೆ ಮಾಡಿದ್ದ ನಿಮೊಟುಜುಮ್ಯಾಬ್ ಎಂಬ ಕ್ಯಾನ್ಸರ್ ಔಷಧಿ ಕೂಡ ಕ್ಯೂಬಾದಲ್ಲಿ ಇಲಿ ಹೈಬ್ರಿಡೋಮಾದಿಂದ ಹುಟ್ಟಿ, ವಂಶವಾಹಿ ಕಸಿಯ ಮೂಲಕ ಮನುಷ್ಯರಿಗೆ ಹೊಂದಿಕೊಂಡ ಪ್ರತಿಕಾಯವೇ. ಆ ಇಲಿಗಳ ಕೋಶಗಳು ಓದಿಸಿಕೊಳ್ಳುವ ಮೊದಲೇ ಯಾವುದೋ ಕ್ಯಾನಿನಲ್ಲಿ ಸತ್ತಿದ್ದರೆ ನಿಮ್ಮ ಲೇಖನಕ್ಕೆ ವಿಷಯವೇ ಇರುತ್ತಿರಲಿಲ್ಲ.

ಔಷಧಿಯ ಮಾತು ಬಿಟ್ಟು ಸಂಶೋಧನೆಗೆ ಬಂದರೂ ಇದೇ ಕಥೆ. ಪ್ರತಿಕಾಯಗಳನ್ನು ಅವುಗಳ ವಂಶವಾಹಿಯ ಮೂಲಕವೇ ಗುರುತಿಸಿ ತಯಾರಿಸಬೇಕೆಂದು 2015ರಲ್ಲಿ ನೂರಕ್ಕೂ ಹೆಚ್ಚು ವಿಜ್ಞಾನಿಗಳು ಸಹಿ ಮಾಡಿ ನೇಚರ್ ಪತ್ರಿಕೆಯಲ್ಲಿ ಕೋರಿದ್ದರು. 2023ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನ, 65 ಪ್ರೋಟೀನುಗಳಿಗೆಂದು ಮಾರುಕಟ್ಟೆಯಲ್ಲಿ ಸಿಗುವ 614 ಪ್ರತಿಕಾಯಗಳನ್ನು ಅಕ್ಕಪಕ್ಕದಲ್ಲಿಟ್ಟು ಪರೀಕ್ಷಿಸಿತು. ವಂಶವಾಹಿಯಿಂದ ತಯಾರಾದವು ಹೈಬ್ರಿಡೋಮಾದಿಂದ ಬಂದವಕ್ಕಿಂತಲೂ ಪ್ರಾಣಿಯ ರಕ್ತದಿಂದ ತೆಗೆದವಕ್ಕಿಂತಲೂ ಸರಾಸರಿಯಲ್ಲಿ ಮೇಲಾಗಿದ್ದವು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಶಾಖೆಯ ಜೇಮ್ಸ್ ಟ್ರಿಮ್ಮರ್ ಅವರ ತಂಡ ಶೈತ್ಯದಲ್ಲಿಟ್ಟಿದ್ದ ತನ್ನ ಹೈಬ್ರಿಡೋಮಾಗಳ ವಂಶವಾಹಿಗಳನ್ನು ಓದಿ, ಅಕ್ಷರಸಾಲು ಮತ್ತು ಪ್ಲಾಸ್ಮಿಡ್ ಎರಡನ್ನೂ ಇತರ ಸಂಶೋಧಕರಿಗೆ ತೆರೆದಿಟ್ಟಿದೆ. ಸಾರ್ವಜನಿಕ ವಿಶ್ವವಿದ್ಯಾಲಯವೊಂದು ಮಾಡಿದ ಈ ಕೆಲಸ ನಮ್ಮ ವಿಶ್ವವಿದ್ಯಾಲಯಗಳಿಗೆ ಮಾದರಿಯಾಗಲು ಯೋಗ್ಯ.

ನಮ್ಮ ರಾಜ್ಯಕ್ಕೆ ಇದು ವಿಶೇಷವಾಗಿ ಬೇಕೆಂದು ನನಗನ್ನಿಸುವುದು ಮಲೆನಾಡಿನ ಮಂಗನ ಕಾಯಿಲೆಯನ್ನು ನೆನೆದಾಗ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಈ ರೋಗ ಇಂದಿಗೂ ಜೀವಗಳನ್ನು ತೆಗೆದುಕೊಳ್ಳುತ್ತಿದೆ, ವೈರಸ್ಸನ್ನೇ ಗುರಿಯಾಗಿಸಿದ ನಿರ್ದಿಷ್ಟ ಔಷಧಿ ಇದಕ್ಕಿಲ್ಲ. ದೊಡ್ಡ ವಿದೇಶಿ ಕಂಪನಿಗಳಿಗೆ ಇಲ್ಲಿ ಲಾಭ ಕಾಣುವುದಿಲ್ಲವಾದ್ದರಿಂದ ಪತ್ತೆಗಾಗಲಿ ಚಿಕಿತ್ಸೆಗಾಗಲಿ ಬೇಕಾದ ಪ್ರತಿಕಾಯಗಳನ್ನು ನಾವೇ ತಯಾರಿಸಿಕೊಳ್ಳಬೇಕು. ಜೀವಂತ ವೈರಸ್ಸನ್ನು ನಿಭಾಯಿಸಲು ಅತಿ ಬಿಗಿಯಾದ ಸುರಕ್ಷತೆಯ ಪ್ರಯೋಗಾಲಯ ಬೇಕು, ಅಂಥವು ದೇಶದಲ್ಲೇ ಬೆರಳೆಣಿಕೆಯಷ್ಟಿವೆ. ಇಷ್ಟು ಕಷ್ಟಪಟ್ಟು ಪರೀಕ್ಷಿಸಿ ಆರಿಸಿದ ಒಂದು ಒಳ್ಳೆಯ ಹೈಬ್ರಿಡೋಮಾ ಸತ್ತರೆ ಮತ್ತೆ ಮೊದಲಿನಿಂದ ತೊಡಗಲು ಯಾರಿಗೆ ಚೈತನ್ಯವಿರುತ್ತದೆ? ಅದರ ಎರಡು ಸರಪಳಿಗಳ ಅಕ್ಷರಸಾಲು ದತ್ತಾಂಶ ಕೇಂದ್ರದಲ್ಲಿದ್ದರೆ ಶಿರಸಿಯ ವಿದ್ಯಾರ್ಥಿಯೂ ಧಾರವಾಡದ ಅಧ್ಯಾಪಕರೂ ಆ ವಂಶವಾಹಿಯನ್ನು ಕೃತಕವಾಗಿ ತಯಾರಿಸಿ ತರಿಸಿಕೊಂಡು ಅದೇ ಪ್ರತಿಕಾಯವನ್ನು ಮತ್ತೆ ಪಡೆಯಬಹುದು. ಮತ್ತೆ ಇಲಿಗಳನ್ನು ಬಲಿಕೊಡುವ ಅಗತ್ಯವೂ ಬೀಳುವುದಿಲ್ಲ.

ಹೀಗೆ ತೆರೆದಿಟ್ಟರೆ ನಮ್ಮ ಶ್ರಮದ ಫಲವನ್ನು ಬೇರೆಯವರು ಕೊಂಡೊಯ್ಯುತ್ತಾರೆ ಎಂಬ ಆತಂಕ ಸಂಶೋಧಕರಲ್ಲಿದೆ. ಅದನ್ನು ಹಗುರವಾಗಿ ತಳ್ಳಿಹಾಕುವುದಿಲ್ಲ. ಪೇಟೆಂಟಿಗೆ ಅರ್ಜಿ ಹಾಕುವವರಿಗೆ ಒಂದಿಷ್ಟು ಕಾಲಾವಕಾಶ ಕೊಟ್ಟು, ಅಲ್ಲಿಯವರೆಗೆ ಅಕ್ಷರಸಾಲನ್ನು ಮುಚ್ಚಿಟ್ಟು, ಆಮೇಲೆ ತೆರೆಯುವ ವ್ಯವಸ್ಥೆ ಮಾಡಬಹುದು. ಯಾರೂ ಅರ್ಜಿ ಹಾಕದೆ, ಯಾರೂ ಓದದೆ, ಕ್ಯಾನಿನ ತಳದಲ್ಲಿ ಉಳಿದುಬಿಡುವ ಕೋಶಗಳಿಂದ ಯಾರಿಗೂ ಲಾಭವಿಲ್ಲ. ನಾನು ಕಂಡಮಟ್ಟಿಗೆ ಅಂಥವೇ ಹೆಚ್ಚು.

ಆದ್ದರಿಂದ ಕೇಂದ್ರದ ಜೈವಿಕ ತಂತ್ರಜ್ಞಾನ ಇಲಾಖೆ, ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ನಮ್ಮ ರಾಜ್ಯ ಸರ್ಕಾರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯಲ್ಲಿ ನನ್ನ ವಿನಂತಿ ಇಷ್ಟು. ಹೈಬ್ರಿಡೋಮಾ ತಯಾರಿಸುವ ಯೋಜನೆಗೆ ಹಣ ಮಂಜೂರು ಮಾಡುವಾಗಲೇ ವಂಶವಾಹಿ ಓದುವ ಖರ್ಚನ್ನೂ ಅದರಲ್ಲಿ ಸೇರಿಸಿ; ಭಾರ ಮತ್ತು ಹಗುರ ಸರಪಳಿಗಳ ಅಕ್ಷರಸಾಲನ್ನು, ಅದರಿಂದ ತಯಾರಿಸಿದ ಪ್ರತಿಕಾಯ ಮೂಲದಂತೆ ಅಂಟುತ್ತದೆಂಬ ಪುರಾವೆಯೊಂದಿಗೆ, 2022ರಲ್ಲಿ ಫರೀದಾಬಾದ್‌ನಲ್ಲಿ ಆರಂಭವಾದ ಭಾರತೀಯ ಜೈವಿಕ ದತ್ತಾಂಶ ಕೇಂದ್ರಕ್ಕೆ ಒಪ್ಪಿಸಿದ ಬಳಿಕವೇ ಕೊನೆಯ ಕಂತನ್ನು ಬಿಡುಗಡೆ ಮಾಡಿ. ಹಳೆಯ ಕೋಶಗಳ ವಿಷಯದಲ್ಲಿ ಮೊದಲು ವಿಶ್ವವಿದ್ಯಾಲಯಗಳಿಂದ ಒಂದು ಪಟ್ಟಿ ತರಿಸಿಕೊಳ್ಳಿ: ಯಾವ ವಯಲ್, ಯಾವ ಗುರಿ, ಯಾವ ವರ್ಷ ಶೈತ್ಯಕ್ಕೆ ಹೋದದ್ದು, ಹೆಸರಿನ ಚೀಟಿ ಇನ್ನೂ ಓದಲು ಬರುತ್ತದೆಯೇ. ಕೋಶಗಳನ್ನು ಬೆಳೆಸಿ ನೋಡುವ ತನಕ ಕಾಯಬೇಕಾಗಿಯೂ ಇಲ್ಲ. ಶೈತ್ಯದಿಂದ ತೆಗೆದ ವಯಲಿನಿಂದ ನೇರವಾಗಿ ಆರ್‌ಎನ್‌ಎ ತೆಗೆಯಬಹುದು. ಇದನ್ನು ಸ್ನಾತಕೋತ್ತರ ವಿದ್ಯಾರ್ಥಿಗಳ ಪ್ರಾಜೆಕ್ಟ್ ಆಗಿ ಕೊಟ್ಟರೆ ಅವರಿಗೆ ನಿಜವಾದ ಕೆಲಸ ಕಲಿತಂತೆಯೂ ಆಗುತ್ತದೆ.

ಮಂಗನ ಕಾಯಿಲೆ, ರೇಬೀಸ್, ಡೆಂಗಿ ಮತ್ತು ಜಾನುವಾರು ರೋಗಗಳ ವಿರುದ್ಧ ತಯಾರಿಸಿದ ಹೈಬ್ರಿಡೋಮಾಗಳಿಗೆ ಈ ಕೆಲಸದಲ್ಲಿ ಆದ್ಯತೆ ಸಿಗಬೇಕು. ತಮ್ಮ ಪತ್ರಿಕೆಯ ವಿಜ್ಞಾನ ವರದಿಗಾರರು ಈ ಪಟ್ಟಿಯ ಬಗ್ಗೆ ಸಂಬಂಧಪಟ್ಟ ಇಲಾಖೆಗಳನ್ನು ಪ್ರಶ್ನಿಸಿ, ಬಂದ ಉತ್ತರವನ್ನು ಓದುಗರ ಮುಂದಿಡಬೇಕೆಂದು ಕೋರುತ್ತೇನೆ.

ಇಂತಿ,
ನಿವೃತ್ತ ಜೀವವಿಜ್ಞಾನ ಅಧ್ಯಾಪಕಿ,
ಮೈಸೂರು